ಚಪ್ಪಲಿ ಚಕ್ರದ ಗಾಡಿ

ಜೋಹಾನ್ಸ್‌ಬರ್ಗ್
ಡಿಸೆಂಬರ್ ಹದಿನೆಂಟು, ಗುರುವಾರ

ನನ್ನ ಅಸಿಯಾತು ಅಕ್ಕನಿಗೆ ತಮ್ಮನ ಸಲಾಂ.

ಬೆರಳಿಗೆ ಗುಲಾಬಿ ಮುಳ್ಳು ಚುಚ್ಚಿ ಬಾತುಕೊಂಡಿದೆ, ಬರೆಯಲು ಆಗುತ್ತಿಲ್ಲ. ಅದಕ್ಕೇ ಫೋನಿಗೆ ಹೇಳಿ ಕಳಿಸುತ್ತಿದ್ದೇನೆ. ಕಾಗದ ಅಂತಲೇ ತಿಳಿದು ಕೇಳು. ಕೋಣೆಯವರೆಲ್ಲ ಮಲಗಿದ್ದಾರೆ, ಕಂಬಳಿಯೊಳಗೆ ಮಾತಾಡುತ್ತಿದ್ದೇನೆ. ದನಿ ಸಣ್ಣಗಿದೆ ಅಂತ ಕಾಯಿಲೆ ಅಂದುಕೊಳ್ಳಬೇಡ. ಮಗಳು ಮ್ವಾಂದಿದಾ ಹತ್ತಿರದಲ್ಲಿದ್ದರೆ ಮೊದಲು ಅವಳನ್ನು ನೀರಿಗೆ ಕಳಿಸು. ಕೇಳಿದ ಮೇಲೆ ಇದನ್ನು ಅಳಿಸಿಬಿಡು.

ಮ್ವಾಂದಿದಾ ನನಗೆ ಅಂತ ಮಾಡಿ ಕಳಿಸಿದ ತಂತಿಯ ಆಟದ ಗಾಡಿ ಬಂದು ಮುಟ್ಟಿತು. ನಮ್ಮೂರಿನ ಔಸಿ ಅದನ್ನು ಮಂಗೋಚಿಯಿಂದ ಇಲ್ಲಿವರೆಗೂ ಬಸ್ಸಿನಲ್ಲಿ ತೊಡೆಯ ಮೇಲೇ ಇಟ್ಟುಕೊಂಡು ತಂದನಂತೆ. "ಮೊದ್ಲು ಲೈಸೆನ್ಸ್ ತೋರ್ಸಪ್ಪಾ, ಆಮೇಲೆ ಗಾಡಿ" ಅಂತ ಬಸ್ ನಿಲ್ದಾಣದಲ್ಲಿ ನನ್ನನ್ನು ಕಾಡಿದ. ಮ್ವಾಂದಿದಾ ಮತ್ತೆ ಮತ್ತೆ ಕೇಳಿ ಕಳಿಸುತ್ತಿದ್ದಾಳೆ, "ಮಾವಾ, ಓಡ್ಸಿದ್ಯಾ? ಸರಿಯಾಗಿ ತಿರುಗತ್ತಾ?" ಅಂತ. ನಾನು ಉತ್ತರ ಕೊಟ್ಟಿಲ್ಲ. ಮಾವನಿಗೆ ಕೆಲಸ ಜಾಸ್ತಿ ಅಂತ ನೀನು ಸಮಾಧಾನ ಹೇಳಿರುತ್ತೀಯ. ಕೆಲಸ ಜಾಸ್ತಿಯಲ್ಲ ಅಕ್ಕಾ, ನಾಚಿಕೆ.

ಗಾಡಿಯನ್ನು ಕೋಣೆಯಲ್ಲಿ ಬಿಟ್ಟು ಹೋಗಲು ಧೈರ್ಯವಾಗಲಿಲ್ಲ. ನನ್ನ ಜೊತೆಗಿರುವ ಜಫಾಲಿ ಹಗಲಲ್ಲೂ ಎಡವುವ ಮನುಷ್ಯ. ಅದಕ್ಕೇ ಕೆಲಸಕ್ಕೆ ಒಯ್ದೆ. ನಾನು ತೋಟ ನೋಡಿಕೊಳ್ಳುವ ಮನೆಯಲ್ಲಿ ಇಬ್ಬರು ಮಕ್ಕಳು, ಒರಾಟಿಲೆ ಮತ್ತು ಅವಳ ತಮ್ಮ ಥಾಟೊ. ಈಗ ಡಿಸೆಂಬರಿನ ಬೇಸಿಗೆ ರಜೆ, ಫೋನು ಹಿಡಿದು ಸೋಫಾದಲ್ಲಿ ಬಿದ್ದಿರುತ್ತಾರೆ. ಗೇಟಿನ ಹತ್ತಿರ ಗಾಡಿ ಕಂಡದ್ದೇ ಬರಿಗಾಲಲ್ಲಿ ಓಡಿ ಬಂದರು. ಅವರ ತಾಯಿ ಕೆಲೆಬೊಹಿಲೆ ಮೇಡಂ ಹಿಂದೆಯೇ ಬಂದು, "ಅಬ್ಬಾ, ಇದನ್ಯಾರು ಮಾಡಿದ್ದು?" ಅಂದರು.

"ನಾನೇ" ಅಂದೆ.

ಯಾರೂ ಕತ್ತು ಹಿಡಿದು ಹೇಳಿಸಲಿಲ್ಲ ಅಕ್ಕಾ. ತಾನಾಗಿ ಬಾಯಿಗೆ ಬಂತು.

ಅಂಗಳದಲ್ಲಿ ನಿಂತೇ ಚಹಾ ಕುಡಿಯುತ್ತಿದ್ದವನಿಗೆ ಅವತ್ತು ಜಗಲಿಯಲ್ಲಿ ಕುರ್ಚಿ ಹಾಕಿದರು. "ಇವಕ್ಕೂ ಸ್ವಲ್ಪ ಕಲ್ಸಪ್ಪಾ. ನಮ್ಮನೇಲಿ ಕೈಕೆಲ್ಸ ಅಂದ್ರೆ ಫೋನು ಉಜ್ಜೋದಷ್ಟೇ" ಅಂದರು ಮೇಡಂ. ನನಗೆ ಬರುವುದನ್ನೆಲ್ಲ ಕಲಿಸಿದೆ: ಜೇಡಿಮಣ್ಣಿನ ಎತ್ತು, ಜೋಳದ ಸಿಪ್ಪೆಯ ಗೊಂಬೆ, ಸೋಡಾ ಮುಚ್ಚಳ ಚಪ್ಪಟೆ ಬಡಿದು ಪೋಣಿಸಿದ ಗಿಲಕಿ. ಥಾಟೊನ ಎತ್ತಿಗೆ ಕೊಂಬು ನಿಲ್ಲಲೇ ಇಲ್ಲ. "ಹೋಗ್ಲಿ ಬಿಡು ಮಾಲುಮೆ, ಇದು ಕತ್ತೆ" ಅಂದ. ಇಲ್ಲಿಯ ಮಕ್ಕಳು ತೋಟದವನನ್ನೂ ಮಾಲುಮೆ ಅಂತಲೇ ಕರೆಯುತ್ತಾರೆ, ತಾಯಿಯ ತಮ್ಮನನ್ನು ಕರೆದ ಹಾಗೆ. ಮೊದಲೆಲ್ಲ ಆ ಕೂಗು ಕೇಳಿದರೆ ಹಿಗ್ಗುತ್ತಿದ್ದೆ. ಈಗ ಕತ್ತು ಬಗ್ಗುತ್ತದೆ. ನಮ್ಮಲ್ಲಿ ಅಕ್ಕನ ಮಕ್ಕಳಿಗೆ ಅಪ್ಪನಿಗಿಂತ ಮಾವನೇ ಹೊಣೆ ಅಲ್ಲವಾ? ಆ ಮಾವ ಇಲ್ಲಿ ಅಕ್ಕನ ಮಗಳ ಕೆಲಸವನ್ನು ತನ್ನದು ಅಂತ ಹೇಳಿಕೊಂಡು ಕುರ್ಚಿಯಲ್ಲಿ ಕೂತಿದ್ದಾನೆ.

ಸುದ್ದಿ ಬೀದಿಗೆಲ್ಲ ಹಬ್ಬಿದೆ. ಶನಿವಾರ ಅಕ್ಕಪಕ್ಕದ ಮಕ್ಕಳೂ ಬರುತ್ತಾರಂತೆ. ಮೇಡಂ ತಂತಿ, ಇಕ್ಕಳ ತಂದಿಟ್ಟಿದ್ದಾರೆ. ಎತ್ತು, ಗೊಂಬೆ ಯಾರಿಗೂ ಬೇಡ, ಎಲ್ಲರಿಗೂ ಗಾಡಿಯೇ ಬೇಕು. ನಿನಗೆ ಗೊತ್ತಲ್ಲ, ನಾನು ದೋಣಿ, ಬಲೆ ಅಂತ ಸರೋವರದ ದಂಡೆಯಲ್ಲೇ ಬೆಳೆದವನು, ತಂತಿ ಬಗ್ಗಿಸಿದವನಲ್ಲ. ಜಫಾಲಿಗೆ ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಕ್ಕ. "ಶನಿವಾರ ಗಾಡಿ, ಭಾನುವಾರ ಏರೋಪ್ಲೇನೋ ಮೇಷ್ಟ್ರೇ?" ಅಂದ.

ನಿನ್ನೆ ಒರಾಟಿಲೆ ಗಾಡಿಯನ್ನು ಮಗುಚಿ ನೋಡುತ್ತಿದ್ದಳು. "ಮಾಲುಮೆ, ಚಕ್ರದ ಮೇಲೆ ಯಾರ್ದೋ ಹೆಬ್ಬೆರಳು ಕೂತಿದೆ ನೋಡು!" ಅಂತ ಕೂಗಿದಳು. ಬಾಗಿ ನೋಡಿದೆ. ನೀಲಿ ರಬ್ಬರು, ಅದರಲ್ಲಿ ಕಾಲಿನ ಹೆಬ್ಬೆರಳು ಒತ್ತಿ ಒತ್ತಿ ಬಿದ್ದ ಗುಳಿ, ಪಕ್ಕದಲ್ಲಿ ಕೆಂಡ ತಾಗಿದ ಕಲೆ. ನನ್ನ ಚಪ್ಪಲಿ ಅಕ್ಕಾ. ಊರು ಬಿಡುವ ದಿನ ಬಾಗಿಲ ಹಿಂದೆ ಎಸೆದು ಬಂದದ್ದು. ಅದನ್ನು ಆ ಹುಡುಗಿ ಇಷ್ಟು ಕಾಲ ಎತ್ತಿಟ್ಟುಕೊಂಡಿದ್ದಳಾ? ನೀನಾದರೂ ಒಂದು ಮಾತು ಹೇಳಬಾರದಿತ್ತಾ?

"ಯಾರ್ದು ಮಾಲುಮೆ?" ಅಂತ ಒರಾಟಿಲೆ ಬಿಡಲಿಲ್ಲ. "ನಂದೇ" ಅಂದೆ. ಗಾಡಿಯ ವಿಷಯದಲ್ಲಿ ಆ ಮನೆಯಲ್ಲಿ ನಾನು ಆಡಿದ ಒಂದೇ ನಿಜ.

ಈಗ ನೀನೊಂದು ಉಪಕಾರ ಮಾಡು. ಗಾಡಿಯನ್ನು ಮಾವ ಕಿಟಕಿಯ ಮೇಲೆ ಇಟ್ಟಿದ್ದಾನೆ, ದಿನಾ ಒರೆಸುತ್ತಾನೆ ಅಂತ ಅವಳಿಗೆ ಹೇಳು. ಹಾಗೇ ಮಾತಿಗೆ ಮಾತು ಬಂದ ಹಾಗೆ, ಮುಂದಿನ ಚಕ್ರ ಎಡಕ್ಕೂ ಬಲಕ್ಕೂ ತಿರುಗುವಂತೆ ಹೇಗೆ ಕಟ್ಟಿದೆ ಅಂತ ಕೇಳಿ ಶನಿವಾರದೊಳಗೆ ನನಗೆ ತಿಳಿಸು. ಕೇಳಿಸಿದವನು ನಾನು ಅಂತ ಅವಳಿಗೆ ಗೊತ್ತಾಗಬಾರದು.

ಅಮ್ಮನ ಮೊಣಕಾಲಿಗೆ ಎಣ್ಣೆ ಹಚ್ಚುವುದು ತಪ್ಪಿಸಬೇಡ.

ಇಂತಿ ನಿನ್ನ ತಮ್ಮ,
ತ್ವಾಯಿಬು

ಇನ್ನೂ ಒಂದು ಮಾತು: ಕಳಿಸೋಣ ಅಂತ ಒತ್ತಲು ಹೋದೆ, ಬೆರಳು ಚುರ್ ಅಂದಿತು. ಗುಲಾಬಿ ಮುಳ್ಳಲ್ಲ ಅಕ್ಕಾ, ತಂತಿ. ಗಾಡಿ ಕಿಟಕಿಯ ಮೇಲಿಲ್ಲ. ಹೇಗೆ ಕಟ್ಟಿದ್ದಾಳೋ ನೋಡಿ ಕಲಿಯೋಣ ಅಂತ ಇವತ್ತು ಬಿಚ್ಚಿದೆ. ಮತ್ತೆ ಕಟ್ಟಲು ಬರಲಿಲ್ಲ. ಎಲ್ಲ ಬಿಡಿಬಿಡಿಯಾಗಿ ಬ್ರೆಡ್ಡಿನ ಚೀಲದಲ್ಲಿದೆ. ಇದನ್ನು ಅಳಿಸಬೇಡ. ನೀರಿಗೆ ಹೋದವಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು ಮೊದಲಿನಿಂದ ಕೇಳಿಸು. ಬೈದರೆ ಬೈಯಲಿ. ಅವಳು ಒಪ್ಪಿದರೆ ಶನಿವಾರ ಅವಳಿಗೆ ವಿಡಿಯೊ ಕಾಲ್ ಮಾಡಿ, ಆ ಕುರ್ಚಿಯ ಮೇಲೆ ಫೋನು ಇಟ್ಟು, ಗಾಡಿ ಮಾಡಿದವಳು ಇವಳು ಅಂತ ಎಲ್ಲರೆದುರು ಮೇಡಂಗೆ ಹೇಳುತ್ತೇನೆ. ಅವಳೇ ಕಲಿಸಲಿ, ನಾನು ಮಕ್ಕಳ ಜೊತೆ ನೆಲದ ಮೇಲೆ ಕೂರುತ್ತೇನೆ. ಒಪ್ಪದಿದ್ದರೂ ಹೇಳುತ್ತೇನೆ. ಈಗ ಒಂದನ್ನು ಮಾತ್ರ ಅವಳನ್ನು ಕೇಳು: ಹೇಗೆ ಜೋಡಿಸಿದರೂ ಕೊಕ್ಕೆಯ ಹಾಗೆ ತುದಿ ಬಗ್ಗಿದ ಒಂದು ಗಿಡ್ಡ ತಂತಿ ನನ್ನ ಕೈಯಲ್ಲೇ ಉಳಿಯುತ್ತದೆ. ಅದು ಎಲ್ಲಿಗೆ ಸೇರಬೇಕು?