ಗಂಟಿಗೂ ಒಂದು ಉಪವಾಸ

ಸೋಮವಾರ, ೩
ಇಂದು ಉಪವಾಸ. ಅಂಗಳ ಗುಡಿಸಿ, ನೀರು ತುಂಬಿ, ದೀಪ ಹಚ್ಚಿದ್ದಾಯಿತು. ದೇವರಿಗಿಟ್ಟ ಹಾಲಿಗೆ ಬೆಕ್ಕು ಬಾಯಿ ಹಾಕಿತು. ಅದಕ್ಕೆ ಯಾವ ವ್ರತವೂ ಇಲ್ಲ.
ಕಂಕುಳ ಹತ್ತಿರದ ಗಂಟು ಅಲ್ಲೇ ಇದೆ. ಕಡಲೆಕಾಳಿನಷ್ಟು. ನೋವಿಲ್ಲ. ಸೋಮವಾರದ ಉಪವಾಸ ದೇವರಿಗೆ. ಈಗ ಗುರುವಾರವೂ ಸೇರಿಸಿದ್ದೇನೆ, ಅದು ಗಂಟಿಗೆ. ನಾನು ತಿಂದರೆ ತಾನೆ ಅದಕ್ಕೆ ಸಿಗುವುದು? ಒಣಗಿ ಸಾಯಲಿ. ಮನೆಯಲ್ಲಿ ಯಾರಿಗೂ ಹೇಳಿಲ್ಲ.

ಗುರುವಾರ, ೬ – ಮಧ್ಯಾಹ್ನ
ಶಾಲೆಯ ಯೂನಿಫಾರಂ ಹೊಲಿಯುತ್ತಾ ತಲೆ ಸುತ್ತಿ ಮಿಷನ್ ಮೇಲೆಯೇ ಬಿದ್ದೆ. ನಾದಿನಿ ಎತ್ತಿ ಕೂರಿಸುವಾಗ ಗಂಟು ಅವಳ ಕೈಗೆ ಸಿಕ್ಕೇಬಿಟ್ಟಿತು.
"ಅತ್ತಿಗೆ, ಏನಿದು?"
"ದೇವರ ಪರೀಕ್ಷೆ ಕಣೆ."
"ಆ ಪೇಪರ್ ತಿದ್ದೋರು ಆಸ್ಪತ್ರೇಲಿದ್ದಾರೆ. ನಾಳೆ ಹೊರಡಿ."

ಶುಕ್ರವಾರ, ೭
ಡಾಕ್ಟರಮ್ಮ ಚಿಕ್ಕ ಹುಡುಗಿ. ಉಪವಾಸದ ಕಥೆಯನ್ನು ನಾದಿನಿ ಪೂರ್ತಿ ಊದಿಬಿಟ್ಟಳು. ಆಕೆ ನಗಲಿಲ್ಲ, ಪುಣ್ಯ.
"ಎಲ್ಲಾ ಗಂಟೂ ಕ್ಯಾನ್ಸರ್ ಅಲ್ಲಮ್ಮ. ಅದೇ ಆಗಿದ್ರೆ ಉಪವಾಸಕ್ಕೆ ಬಗ್ಗಲ್ಲ. ಹೊಸ ರಕ್ತನಾಳ ಎಳ್ಕೊಂಡು ನಿಮ್ಮ ಪಾಲನ್ನೂ ಕಿತ್ಕೊಂಡು ತಿನ್ನುತ್ತೆ. ಸೊರಗೋದು ನೀವು."
ತಾನೇ ಪೈಪ್ ಹಾಕಿಕೊಳ್ಳುತ್ತದಂತೆ! ನಮ್ಮ ಬೀದಿಗೆ ನಲ್ಲಿ ಬರಲು ಏಳು ವರ್ಷ ಹಿಡಿಯಿತು.
"ಯಾವ ಪಾಪಕ್ಕೆ ಬರುತ್ತೆ ತಾಯಿ?"
"ಪಾಪಕ್ಕಲ್ಲ. ಮೈಯೊಳಗಿನ ಜೀವಕೋಶಗಳು ತಮ್ಮದೇ ನಕಲು ಮಾಡ್ತಾನೇ ಇರ್ತವೆ. ನಕಲಲ್ಲಿ ತಪ್ಪಾಗುತ್ತೆ. ಹೆಚ್ಚಿನವನ್ನ ಮೈಯೇ ರಿಪೇರಿ ಮಾಡ್ಕೊಳ್ಳುತ್ತೆ. ಉಳಿದ ತಪ್ಪುಗಳು ಒಂದರ ಮೇಲೊಂದು ಸೇರಿದ್ರೆ, ಆ ಕೋಶಕ್ಕೆ ನಿಲ್ಲೋದೇ ಮರೆತುಹೋಗುತ್ತೆ. ವಯಸ್ಸು, ಹೊಗೆ, ಕೆಲವು ಸಲ ಹೆತ್ತವರಿಂದ ಬಂದದ್ದು... ಎಷ್ಟೋ ಸಲ ಕಾರಣವೇ ಗೊತ್ತಾಗಲ್ಲ."
ನನಗೆ ತಕ್ಷಣ ಹೊಳೆಯಿತು. ಹೋದ ವರ್ಷ ಅಳತೆಯ ಕಾಗದ ಹರಿದಾಗ, ಹೊಲಿದ ಅಂಗಿ ಇಟ್ಟು ಇನ್ನೊಂದು ಕತ್ತರಿಸಿದೆ, ಅದನ್ನಿಟ್ಟು ಮತ್ತೊಂದು. ಕೊನೆಗೆ ಒಂದನೇ ತರಗತಿಯ ಕಾಲರ್ ಹೆಡ್‌ಮಾಸ್ಟರ್ ಕುತ್ತಿಗೆಗೆ ಆಗುವಂತಿತ್ತು.
ಸೂಜಿ ಚುಚ್ಚಿ ಚೂರು ತೆಗೆದರು. ಹದಿನೇಳಕ್ಕೆ ಉತ್ತರ.

ಶನಿವಾರ, ೮
ಇವರಿಗೆ ಹೇಳಿದೆ. ಹೊರಗೆ ಹೋಗಿ ಸಿಗರೇಟು ಹಚ್ಚಿದರು.
"ಅಣ್ಣ, ಹೊಗೆ ಅಂದ್ರು ಡಾಕ್ಟ್ರು!" ಎಂದಳು ನಾದಿನಿ.
"ಸೇದೋನು ನಾನು, ಅವಳಿಗ್ಯಾಕೆ?"
"ಮೂವತ್ತು ವರ್ಷದಿಂದ ಪ್ರಸಾದದ ಹಾಗೆ ನಂಗೂ ಹಂಚ್ತಾ ಇದ್ದೀರಲ್ಲ" ಅಂದೆ.
ತಮಾಷೆಗೆ ಅಂದದ್ದು. ಸಿಗರೇಟು ಕೆಳಗೆ ಬಿತ್ತು.

ಸೋಮವಾರ, ೧೭ – ಹನ್ನೊಂದು ಗಂಟೆ
ಆಸ್ಪತ್ರೆಯ ಬೆಂಚು. ಏನೇ ಬರಲಿ, ಕೊಯ್ಯಿಸಿಕೊಳ್ಳುತ್ತೇನೆ ಎಂದು ದೇವರಿಗೂ ಹೇಳಿದ್ದೇನೆ, ಡಾಕ್ಟರಮ್ಮನಿಗೂ. ಇಬ್ಬರಲ್ಲಿ ಆಕೆಯೇ ಬಾಯಿಬಿಟ್ಟು 'ಸರಿ' ಅಂದದ್ದು.
ಕೌಂಟರಿನವಳು ಎರಡು ಸಲ ಕೂಗಿದಳು. ನಾನು ಇದನ್ನು ಬರೆಯುತ್ತಾ ಕೂತೇ ಇದ್ದೇನೆ. ಅಣ್ಣ ತಂಗಿ "ನೀನು ಹೋಗು, ನೀನು ಹೋಗು" ಎಂದು ಒಬ್ಬರನ್ನೊಬ್ಬರು ತಳ್ಳುತ್ತಿದ್ದಾರೆ. ಇವರಿಂದ ನಾನು ಮುಚ್ಚಿಟ್ಟದ್ದು ಇದೊಂದೇ. ಈ ಸಲ ಮೊದಲು ಇವರೇ ನೋಡಲಿ.
"ರೀ, ನೀವೇ ಹೋಗಿ ನನ್ನ ಉತ್ತರ ಇಸ್ಕೊಂಡು ಬನ್ನಿ. ಅಲ್ಲೇ ಓದ್ಕೊಳ್ಳಿ. ನಂಗೆ ಹೇಳೋದು ಬೇಡ, ನಿಮ್ಮ ಮುಖ ನೋಡಿದ್ರೆ ನಂಗೇ ಗೊತ್ತಾಗುತ್ತೆ."