ಎಪ್ಪತ್ನಾಲ್ಕು ಕಿಲೋ

ಮಾರ್ಚ್ 3, ಬೆಳಿಗ್ಗೆ 7.20

ಡೆಡ್‌ಲಿಫ್ಟ್. 50 ಕಿಲೋ, ಐದು ಸಲ, ಮೂರು ಸೆಟ್. ಅಂಗೈ ಸುಲಿದಿದೆ. ನೆಲದಿಂದ ಕಬ್ಬಿಣ ಎತ್ತುವುದು, ಮತ್ತೆ ಅಲ್ಲೇ ಇಡುವುದು — ಇದೂ ಒಂದು ವಿದ್ಯೆಯಂತೆ. ಜಿಮ್ ಮಾಸ್ಟರ್‌ದು ಒಂದೇ ಮಾತು: "ಬೆನ್ನು ನೆಟ್ಟಗಿರ್ಲಿ ಮೇಡಂ." ದಿನವಿಡೀ ಹೊಲಿಗೆ ಮಿಷನ್ ಮುಂದೆ ಬಗ್ಗಿ ಕೂರುವ ಬೆನ್ನು. ಹೇಳಿದ ತಕ್ಷಣ ನೆಟ್ಟಗಾಗಲು ಅದೇನು ಸ್ಕೇಲೇ?

ಅಕ್ಕನ ತೂಕ, ಆಸ್ಪತ್ರೆ ಚೀಟಿಯ ಪ್ರಕಾರ, 74. ಕಾಲೆರಡೂ ಸ್ವಾಧೀನ ತಪ್ಪಿದ ಮೇಲೆ ಪಕ್ಕದ ಮನೆಯಾಕೆಯೂ ನಾನೂ ಸೇರಿ ಅವಳನ್ನು ಮಂಚದಿಂದ ಕುರ್ಚಿಗೆ ಎತ್ತುತ್ತೇವೆ. ಆಕೆ ಮೇ ತಿಂಗಳಲ್ಲಿ ಮನೆ ಖಾಲಿ ಮಾಡುತ್ತಾಳೆ. ಅಣ್ಣನ ಹಠ ಬೇರೆ. "ಒಬ್ಬಳ ಕೈಲಾಗಲ್ಲ ಕಣೇ. ಆರೈಕೆ ಕೇಂದ್ರಕ್ಕೆ ಸೇರಿಸೋಣ." ಮೇ ಹತ್ತಕ್ಕೆ ಬಂದು ನೋಡುತ್ತಾನಂತೆ. ನಾನೊಬ್ಬಳೇ ಎತ್ತಿದರೆ ಸರಿ, ಇಲ್ಲದಿದ್ದರೆ ಅವಳನ್ನು ಕರೆದುಕೊಂಡು ಹೋಗುತ್ತಾನೆ.

ಮಾರ್ಚ್ 19

60. ಒಂದೇ ಸಲ. ಕಣ್ಣು ಕತ್ತಲೆ.

ಅಕ್ಕ: "ಏನೇ ಪೈಲ್ವಾನ್, ಇವತ್ತೆಷ್ಟು?" ಹೇಳಿದೆ. "ಹಾಗಾದ್ರೆ ನನ್ನ ತಲೆ ಮಂಚದ ಮೇಲೇ ಉಳೀತು ಬಿಡು." ಮೈಯೆಲ್ಲ ಉರಿಯಿತು.

ಏಪ್ರಿಲ್ 6

60. ಮತ್ತೆ 60. ಹದಿನೆಂಟು ದಿನದಿಂದ ಇದೇ ಗೋಳು. 62.5 ಮೊಣಕಾಲಿನವರೆಗೆ ಬಂದು ಬಿತ್ತು. ಥೂ. ಅಣ್ಣ ಹೇಳಿದ್ದೇ ಸರಿಯಿರಬೇಕು. ನನ್ನಿಂದಾಗದು.

ಏಪ್ರಿಲ್ 15

60. ಅಕ್ಕನದು ಹೊಸ ರಾಗ — "ಹಸಿವಿಲ್ಲ." ಅರ್ಧ ತಟ್ಟೆ ವಾಪಸ್. ತನ್ನ ಮೊಟ್ಟೆಯನ್ನೂ ನನ್ನ ತಟ್ಟೆಗೆ ದಾಟಿಸಿದಳು. "ಕಬ್ಬಿಣ ಎತ್ತೋಳು ನೀನು, ತಿನ್ನು." ಕೆಲಸಕ್ಕೆ ಹೊತ್ತಾಗಿತ್ತು. ವಾದಿಸಲು ಪುರುಸೊತ್ತಿಲ್ಲ. ತಿಂದೆ.

ಮೇ 4

65! ಮಾಸ್ಟರ್ ಚಪ್ಪಾಳೆ ತಟ್ಟಿದ. ನನಗೆ ಅಳು. ಇನ್ನೂ ಒಂಬತ್ತು ಕಿಲೋ, ಆರೇ ದಿನ.

ಮೇ 10, ಮಧ್ಯಾಹ್ನ

ಎತ್ತಿದೆ. ಒಬ್ಬಳೇ. ಕುತ್ತಿಗೆಗೆ ಅವಳ ಕೈ, ಅವಳ ಸೊಂಟಕ್ಕೆ ನನ್ನ ಕೈ — ಬಂದೇಬಿಟ್ಟಳು.

ಅಷ್ಟಕ್ಕೇ ಸುಮ್ಮನಿರಬೇಕಿತ್ತು. ನನಗೆ ಕೊಬ್ಬು. "ಮೂಲೇಲಿರೋ ನನ್ನ ತೂಕದ ಮಿಷನ್ ತಳ್ಳು ಇತ್ಲಾಗೆ. ನಿಂಗೆ ಸಾಕ್ಷಿ ಬೇಕಲ್ಲ?" ಎಂದು ಅವಳನ್ನು ತಬ್ಬಿಕೊಂಡೇ ಹತ್ತಿದೆ. ಅಕ್ಕ ಕಿವಿಯಲ್ಲಿ ಗೋಗರೆದಳು, "ಬೇಡ ಕಣೇ, ಇಳಿಸು." ಅಣ್ಣ ಬಗ್ಗಿ ಓದಿದ: "ನೂರಾ ಇಪ್ಪತ್ತೊಂದು."

ನಾನು 57. ಕಳೆದರೆ 64.

"ಹತ್ತು ಕಿಲೋ ಎಲ್ಲೋಯ್ತು ಅಕ್ಕ?"

ಗೋಡೆ ನೋಡುತ್ತ ಹೇಳಿದಳು: "ನೀನು ದಿನಾ ಬರೆಯೋ ಪುಸ್ತಕ ಮಂಚದ ಪಕ್ಕಾನೇ ಬಿಟ್ಟು ಹೋಗ್ತೀಯ. ಓದ್ದೆ. ನೀನು ಅರವತ್ತಕ್ಕೇ ನಿಂತ್ಬಿಟ್ಟಿದ್ದೆ. ನೀನು ಹತ್ತಲ್ಲ ಅಂದ್ಮೇಲೆ ನಾನೇ ಇಳೀಬೇಕಲ್ಲ."

ಅಣ್ಣ ನನ್ನ ಮೇಲೆ ಕೂಗಾಡಿದ. "ಇದೇನಾ ನೋಡ್ಕೊಳ್ಳೋದು? ಉಪವಾಸ ಕೆಡವಿದ್ದೀಯ!" ಇತ್ತೀಚೆಗೆ ಎತ್ತುವಾಗ ಹಗುರವೆನಿಸಿದ್ದು ನಿಜ. ನನ್ನ ತೋಳಿನ ಶಕ್ತಿಯೆಂದು ಬೀಗಿದ್ದೆ. ಅವಳ ಮೊಟ್ಟೆ ತಿಂದು ಬೀಗಿದ್ದೆ.

ಎರಡು ತಿಂಗಳ ಗಡುವು ಕೊಟ್ಟು ಹೋಗಿದ್ದಾನೆ. ಅಕ್ಕ ಮೊದಲಿನಷ್ಟಾಗಬೇಕು. ಆಗಲೂ ನಾನು ಎತ್ತಬೇಕು.

ಮೇ 11

ಅಕ್ಕನ ಎದುರಿಗೆ ಕೂತು ಎರಡು ಮೊಟ್ಟೆ ತಿನ್ನಿಸಿದೆ. ನನ್ನನ್ನೇ ದುರುಗುಟ್ಟಿ ನೋಡುತ್ತ ತಿಂದಳು.

ಮೇ 18, ಬೆಳಿಗ್ಗೆ 8

ನಾನು ಎತ್ತಿದ್ದು: 67.5. ಅಕ್ಕನ ತೂಕ: 65.

ಪುಸ್ತಕ ಬೇಕೆಂದೇ ಮಂಚದ ಪಕ್ಕ ಇಟ್ಟು ಹೋಗುತ್ತೇನೆ. ಅಕ್ಕ, ಹೇಗೂ ಓದುತ್ತೀಯ, ಇದನ್ನೂ ಓದು. ಸಿಟ್ಟು ಇನ್ನೂ ಇಳಿದಿಲ್ಲ. ನಿನಗೆ ಯಾರೂ ಕರಗು ಅಂದಿರಲಿಲ್ಲ. ನಾನು ಎತ್ತಲು ಹೊರಟದ್ದು ನಿನ್ನನ್ನು. ಪೂರ್ತಿ ನಿನ್ನನ್ನು. ಅರ್ಧ ಉಳಿದ ಅಕ್ಕನನ್ನು ಎತ್ತಿ ನಾನೇನು ಮಾಡಲಿ?