ನಾನು ಹೊಲಿದ ಎಂಟು

ಹೊಲಿಗೆ ಅಂಗಡಿಯಿಂದ,
ಮಂಗಳವಾರ, ಮಧ್ಯಾಹ್ನ

ನನ್ನ ಚಿನಕುರುಳಿಗೆ ಅಜ್ಜನ ಮುತ್ತುಗಳು.

ಹೇಗಿದ್ದೀಯ ಮಗಳೇ? ನೆಗಡಿ ಇಳಿಯಿತೇ? ಹಾಸ್ಟೆಲಿನಲ್ಲಿ ಹೊಟ್ಟೆತುಂಬ ಉಣ್ಣುತ್ತೀಯೋ, ಇಲ್ಲ ಲೆಕ್ಕವನ್ನೇ ನುಂಗಿ ಮಲಗುತ್ತೀಯೋ? ನಾನು ಚೆನ್ನಾಗಿದ್ದೇನೆ ಅಂತ ಬರೆದರೆ ಸುಳ್ಳಾಗುತ್ತದೆ. ಮೈ ನೆಟ್ಟಗಿದೆ, ಮುಖ ಎತ್ತಿ ಓಡಾಡಲು ಆಗುತ್ತಿಲ್ಲ. ಈ ಭಾನುವಾರ ನೀನು ಮನೆಗೆ ಬರಲಿಲ್ಲ. "ಪರೀಕ್ಷೆ ಇರ್ಬೇಕು ಬಿಡಿ" ಅಂದಳು ನಿನ್ನ ಅಜ್ಜಿ. ಅವಳಿಗೆ ನಾನಿನ್ನೂ ಏನೂ ಹೇಳಿಲ್ಲ.

ಗಣಿತ ಪ್ರದರ್ಶನದ ಪರದೆಗೆ ಅಂತ ನೀನು ಬರೆದುಕೊಟ್ಟ ಸಂಖ್ಯೆ 12345679. ಗಿರಾಕಿ ಅಳತೆ ತಪ್ಪು ಹೇಳಿದರೂ ಬಾಯಿಬಿಡದೆ ಸರಿಮಾಡಿ ಹೊಲಿಯುತ್ತೇನೆ ಅನ್ನುವುದು ನನ್ನ ಜಂಬ, ನಿನಗೆ ಗೊತ್ತಲ್ಲ. ಏಳರ ಪಕ್ಕ ಎಂಟಿಲ್ಲದ್ದು ನೋಡಿ, ಅಂಗಿಯ ಗುಂಡಿ ಉದುರಿದ ಹಾಗೆ ಕಂಡಿತು. ಪಾಪ, ಮಗು ಅವಸರದಲ್ಲಿ ಮರೆತಿದೆ ಅಂದುಕೊಂಡು ಕೆಂಪು ದಾರದಲ್ಲಿ ಎಂಟನ್ನೂ ಕೂರಿಸಿದೆ. ನಿನ್ನನ್ನು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಬಟ್ಟೆ ಮಡಿಸಿ ನೇರ ಸಭೆಗೇ ತಂದೆ, ನೀನು ಬಿಚ್ಚಿ ನೋಡುವಷ್ಟೂ ಹೊತ್ತಿರಲಿಲ್ಲ.

"ನಿಮಗಿಷ್ಟವಾದ ಅಂಕಿ ಹೇಳಿ ಮೇಡಂ" ಅಂದೆ ನೀನು, ಪರದೆಗೆ ಬೆನ್ನು ಮಾಡಿ ನಿಂತು. ದೊಡ್ಡ ಮೇಡಂ ಏಳು ಅಂದರು. "ಏಳೊಂಬತ್ಲಿ ಅರವತ್ಮೂರು. ಈ ಸಂಖ್ಯೇನ ಅದರಿಂದ ಗುಣಿಸಿ, ಬರೀ ಏಳೇ ಬರುತ್ತೆ" ಅಂದೆ ನೀನು. ಅವರು ಪರದೆ ನೋಡಿಕೊಂಡು ಕ್ಯಾಲ್ಕುಲೇಟರ್ ಒತ್ತಿದರು. ಬಂದದ್ದು 7777777707. "ಮಧ್ಯೆ ಈ ಸೊನ್ನೆ ಯಾಕಮ್ಮ?" ಸಭೆಯೆಲ್ಲ ನಕ್ಕಿತು. ನೀನು ಪರದೆಯತ್ತ ತಿರುಗಿ ನೋಡಿದೆ, ಆಮೇಲೆ ಮುಂದಿನ ಸಾಲಿನಲ್ಲಿದ್ದ ನನ್ನನ್ನು ನೋಡಿದೆ. "ಬರ್ಕೊಡುವಾಗ ನಾನೇ ತಪ್ಪಿದೆ ಮೇಡಂ" ಅಂದೆ. ನಾನು ಚಪ್ಪಲಿ ನೋಡುತ್ತ ಕೂತೆ. ಪಕ್ಕದಲ್ಲಿದ್ದವರು ಬೇರೆ, "ಕಸೂತಿ ಅಚ್ಚುಕಟ್ಟಾಗಿದೆ, ಯಾರು ಹೊಲಿದಿದ್ದು?" ಅಂತ ಕೇಳಿದರು. "ಗೊತ್ತಿಲ್ಲ" ಅಂದುಬಿಟ್ಟೆ. ಅದು ನಿನ್ನ ಕಿವಿಗೆ ಬಿತ್ತು. ನಿನ್ನ ಮುಖ ನೋಡಿಯೇ ತಿಳಿಯಿತು.

ನಿನ್ನೆ ಅಂಗಡಿಯಲ್ಲಿ ಕೂತು, ನೀನು ಬರೆದುಕೊಟ್ಟ ಸಂಖ್ಯೆಯನ್ನೇ ಗುಣಿಸಿ ನೋಡಿದೆ. ಒಂಬತ್ತರಿಂದ ಗುಣಿಸಿದರೆ ಸಾಲಾಗಿ ಬರೀ ಒಂದುಗಳು. ಎರಡರಿಂದ ಗುಣಿಸಿದರೆ ಒಂದರಿಂದ ಒಂಬತ್ತರವರೆಗಿನ ಅಂಕಿಗಳಲ್ಲಿ ಏಳೊಂದೇ ನಾಪತ್ತೆ, ನಾಲ್ಕರಿಂದಾದರೆ ಐದು ನಾಪತ್ತೆ. ಹೊರಗೆ ಬಿಟ್ಟ ಎಂಟರಿಂದಲೇ ಗುಣಿಸಿದರೆ 98765432. ತುಂಟ ಸಂಖ್ಯೆ ತಿರುಗಿ ನಿಂತಿತ್ತು, ಎಂಟು ಒಳಗೆ ಬಂದು ಒಂದು ಹೊರಗೆ ಹೋಗಿತ್ತು. ಎಂಟಿಲ್ಲದ್ದಕ್ಕೇ ಅದಕ್ಕೆ ಇಷ್ಟೆಲ್ಲ ಆಟ. ನಾನು ರಿಪೇರಿ ಮಾಡಲು ಹೋಗಿ ಕೆಡಿಸಿದೆ. ಅದನ್ನಾದರೂ ಹೇಗೋ ಮರೆತೇನು, "ಗೊತ್ತಿಲ್ಲ" ಅಂದದ್ದು ನೆನಪಾದರೆ ನಾಚಿಕೆಯಿಂದ ಕುಗ್ಗಿಹೋಗುತ್ತೇನೆ ಮಗಳೇ.

ಅಜ್ಜಿ ನಿನ್ನನ್ನು ದಿನವೂ ನೆನೆಯುತ್ತಾಳೆ. ಕಣ್ಣು ಹಾಳುಮಾಡಿಕೊಳ್ಳದೆ ಓದು, ಸುಖವಾಗಿರು.

ತಲೆ ತಗ್ಗಿಸಿರುವ,
ನಿನ್ನ ಅಜ್ಜ

ತಾ.ಕ.: ಅಂಚೆಯವನು ಬರುವ ಹೊತ್ತಾಯಿತು. ಅವತ್ತು ವಾಪಸು ತಂದ ಪರದೆಯಿಂದ ಎಂಟನ್ನು ಬಿಚ್ಚಿದ್ದೇನೆ, ಸೂಜಿಯ ತೂತುಗಳು ಉಳಿದಿವೆ, ಇರಲಿ. ಶನಿವಾರ ಪ್ರದರ್ಶನ ಇನ್ನೊಮ್ಮೆ ಇದೆಯಂತಲ್ಲ, ಪರದೆ ತರುತ್ತೇನೆ. ಎಲ್ಲರೂ ಕೂತ ಮೇಲೆ, ಇದನ್ನು ಹೊಲಿದವರು ಯಾರು ಅಂತ ನೀನೇ ಗಟ್ಟಿಯಾಗಿ ಕೇಳು. ಎದ್ದು ನಿಲ್ಲುತ್ತೇನೆ.